ಒಂದು ಕೂಸಿಗೆ ದಾರಿ ತೋರುವಷ್ಟು ಬೆಳಕು

2022ರ ಜುಲೈ 6ರ ಬುಧವಾರ ಬಂದ, ಅಮೆರಿಕದ ಮಾರ್ವೆಲ್ ಸ್ಟುಡಿಯೋದ ಸೂಪರ್‌ಹೀರೋ ಸರಣಿ ‘ಮಿಸ್ ಮಾರ್ವೆಲ್’ನ ಐದನೆಯ ಕಂತನ್ನು ನಾನು ಎರಡು ಸಲ ನೋಡಿದೆ. ಮೊದಲ ಸಲ ರಾತ್ರಿ ಒಬ್ಬನೇ ಕೂತು ನೋಡಿದ್ದು, ಎರಡನೆಯ ಸಲ ಕಲಬುರಗಿಯಿಂದ ಬಂದಿದ್ದ ಅವ್ವನ ಜೊತೆಗೆ. ಕಥೆಯ ಗುಟ್ಟುಗಳನ್ನೆಲ್ಲ ಇಲ್ಲಿ ಬಿಚ್ಚಿಟ್ಟಿದ್ದೇನೆ. ಇನ್ನೂ ನೋಡದವರು ನೋಡಿ ಬಂದು ಓದುವುದು ಒಳ್ಳೆಯದು.

ನ್ಯೂಜೆರ್ಸಿಯ ಜೆರ್ಸಿ ಸಿಟಿಯಲ್ಲಿ ಬೆಳೆದ ಕಮಲಾ ಖಾನ್ ಎಂಬ ಹೈಸ್ಕೂಲು ಹುಡುಗಿಗೆ ಮುತ್ತಜ್ಜಿಯ ಬಳೆಯೊಂದು ಸಿಕ್ಕು, ಅದನ್ನು ತೊಟ್ಟಾಗ ಬೆಳಕನ್ನು ಗಟ್ಟಿ ಪದಾರ್ಥದಂತೆ ಹಿಡಿದು ಬಳಸುವ ಶಕ್ತಿ ಬರುತ್ತದೆ ಎಂಬಲ್ಲಿಗೆ ಈ ಸರಣಿ ಶುರುವಾಗಿತ್ತು. ಅವಳ ಮನೆಯಲ್ಲಿ ಒಂದು ಹಳೆಯ ಕಥೆಯಿದೆ. ದೇಶ ವಿಭಜನೆಯ ಗಲಾಟೆಯಲ್ಲಿ, ಕರಾಚಿಗೆ ಹೊರಟ ಕೊನೆಯ ರೈಲಿನ ಹತ್ತಿರ ತಂದೆಯ ಕೈತಪ್ಪಿದ ಪುಟ್ಟ ಸನಾ, ನಕ್ಷತ್ರಗಳ ಸಾಲನ್ನು ಹಿಡಿದು ನಡೆದು ಮತ್ತೆ ತಂದೆಯನ್ನು ಸೇರಿದಳಂತೆ. ಆ ಸನಾ ಈಗ ಕರಾಚಿಯಲ್ಲಿರುವ ಕಮಲಾಳ ಅಜ್ಜಿ. ನಾಲ್ಕನೆಯ ಕಂತಿನ ಕೊನೆಯಲ್ಲಿ ಕಮಲಾ ಇದ್ದಕ್ಕಿದ್ದಂತೆ 1947ರ ಆ ರೈಲ್ವೆ ಪ್ಲಾಟ್‌ಫಾರ್ಮಿಗೇ ಬಂದು ಬಿದ್ದಾಗ, ಮುಂದೇನಾಗುತ್ತದೆ ಎಂಬುದನ್ನು ಹೆಚ್ಚುಕಡಿಮೆ ಎಲ್ಲರೂ ಊಹಿಸಿದ್ದೆವು. ಊಹಿಸಿದ್ದೇ ಆಯಿತು. ಆದರೂ ಕಣ್ಣು ತುಂಬಿತು. ಊಹೆ ನಿಜವಾದರೂ ಕೆಡದ ಕಂತುಗಳು ಇಂಥ ಸರಣಿಗಳಲ್ಲಿ ಅಪರೂಪ.

ಕಂತಿನಲ್ಲಿ ಬಹಳ ಹೊತ್ತು ನಾಯಕಿಯೇ ತೆರೆಯ ಮೇಲಿಲ್ಲ. ಬ್ರಿಟಿಷರು ಹೊರಡುತ್ತಿರುವ ಸುದ್ದಿಯ ಹಳೆಯ ಕಪ್ಪು-ಬಿಳುಪು ವಾರ್ತಾಚಿತ್ರದ ಮಾದರಿಯಲ್ಲಿ ಅದು ತೆರೆದುಕೊಂಡು, ಅಲ್ಲಿಂದ 1942ರ ಒಂದು ಹಳ್ಳಿಗೆ ಹೋಗುತ್ತದೆ. ಬೇರೆ ಲೋಕದಿಂದ ಬಂದ ಆಯಿಷಾ ಅಲ್ಲಿ ಗುಲಾಬಿ ಬೆಳೆಯುವ ಹಸನ್‌ನನ್ನು ಕಾಣುತ್ತಾಳೆ, ಮದುವೆಯಾಗುತ್ತಾಳೆ, ಸನಾ ಹುಟ್ಟುತ್ತಾಳೆ. ಮೆಹ್ವಿಶ್ ಹಯಾತ್ ಮತ್ತು ಫವಾದ್ ಖಾನ್ ಈ ಭಾಗವನ್ನು ಹೆಗಲ ಮೇಲೆ ಹೊತ್ತಿದ್ದಾರೆ. 2016ರ ನಂತರ ಹಿಂದಿ ಸಿನಿಮಾಗಳಿಂದ ಮರೆಯಾದ ಫವಾದ್ ಖಾನ್‌ರನ್ನು ಮಾರ್ವೆಲ್ ಮೂಲಕ ಮತ್ತೆ ನೋಡುವ ಹಾಗಾಯಿತಲ್ಲ ಎಂದು ನನಗೆ ನಗು ಬಂತು. ಇಷ್ಟೆಲ್ಲ ಚೆನ್ನಾಗಿದ್ದರೂ ಒಂದು ಕಲ್ಲು ಹಲ್ಲಿಗೆ ಸಿಕ್ಕಿತು: 1942ರ ಹಳ್ಳಿಯ ಗಂಡಹೆಂಡಿರು, ಅದೂ ರಾತ್ರಿ ಮಗುವನ್ನು ಮಲಗಿಸಿ ತಮ್ಮತಮ್ಮಲ್ಲೇ ಮಾತಾಡುವಾಗಲೂ, ನಡುವೆ ನಾಲ್ಕು ಉರ್ದು ಪದಗಳನ್ನು ಉದುರಿಸಿಕೊಂಡು ಇಂಗ್ಲಿಷಿನಲ್ಲಿ ಮಾತಾಡುತ್ತಾರೆ. ಬ್ರಿಟಿಷರು ತೊಲಗಬೇಕೆನ್ನುವ ಮನುಷ್ಯನ ಬಾಯಲ್ಲಿ ಅದು ಇನ್ನಷ್ಟು ಕಸಿವಿಸಿಯಾಗಿ ಕೇಳಿಸಿತು.

ರೈಲ್ವೆ ನಿಲ್ದಾಣದ ಭಾಗಕ್ಕೆ ಬಂದರೆ ನಿರ್ದೇಶಕಿ ಶರ್ಮೀನ್ ಒಬೈದ್ ಚಿನಾಯ್ ಅವರ ಕೈಗುಣ ಗೊತ್ತಾಗುತ್ತದೆ. ಸಾಕ್ಷ್ಯಚಿತ್ರಗಳಿಗೆ ಎರಡು ಆಸ್ಕರ್ ಪಡೆದವರು ಅವರು. ವಿಭಜನೆಯನ್ನು ಕಂಡವರ ಬಾಯಿಮಾತಿನ ನೆನಪುಗಳನ್ನೂ ಸಂಗ್ರಹಿಸುವ ‘ಸಿಟಿಜನ್ಸ್ ಆರ್ಕೈವ್ ಆಫ್ ಪಾಕಿಸ್ತಾನ್’ ಸಂಸ್ಥೆಯನ್ನು ಕಟ್ಟಿದವರಲ್ಲಿ ಒಬ್ಬರು. ಕಮಲಾ ಜನರ ನಡುವೆ ದಾರಿ ಮಾಡಿಕೊಂಡು ಹೋಗುವಾಗ ಅಕ್ಕಪಕ್ಕದವರ ಮಾತಿನ ಚೂರುಗಳು ಕಿವಿಗೆ ಬಿದ್ದು ಹಿಂದೆ ಸರಿಯುತ್ತವೆ. ಯಾರ ಮಾತೂ ಪೂರ್ತಿಯಾಗುವುದಿಲ್ಲ. ಎಷ್ಟೋ ಮುದುಕರ ಎದುರು ಕೂತು ಕೇಳಿಸಿಕೊಂಡವರಿಗೆ ಮಾತ್ರ ಹೊಳೆಯುವ ಕ್ರಮ ಇದು ಎಂದು ನನಗನ್ನಿಸಿತು. ಭಾರತವನ್ನು ಅದುವರೆಗೆ ಕಂಡೇ ಇರದಿದ್ದ ಬ್ರಿಟಿಷ್ ವಕೀಲ ಸಿರಿಲ್ ರ‍್ಯಾಡ್‌ಕ್ಲಿಫ್ ಐದು ವಾರಗಳಲ್ಲಿ ಎರಡು ದೇಶಗಳ ನಡುವಿನ ಗಡಿಯ ಗೆರೆ ಎಳೆದು ಮುಗಿಸಿದ್ದು, ಆ ಗೆರೆ ಸ್ವಾತಂತ್ರ್ಯ ಬಂದ ಎರಡು ದಿನಗಳ ಮೇಲೆ ಆಗಸ್ಟ್ 17ರಂದು ಜನರಿಗೆ ತಿಳಿದದ್ದು, ಕೋಟಿಗೂ ಮಿಕ್ಕಿ ಜನ ಮನೆಮಾರು ಬಿಟ್ಟು ನಡೆದದ್ದು, ಇವೆಲ್ಲ ನಮಗೆ ಪಾಠದ ಪುಸ್ತಕದಿಂದ ಗೊತ್ತು. ಕಂತು ಆ ಅಂಕಿಗಳ ತಂಟೆಗೆ ಹೋಗದೆ, ಒಂದು ಪ್ಲಾಟ್‌ಫಾರ್ಮು, ಒಂದು ರೈಲು, ಒಂದು ಕೂಸು ಇಷ್ಟಕ್ಕೇ ತನ್ನನ್ನು ಕಟ್ಟಿಹಾಕಿಕೊಂಡಿದೆ.

ನಾನು ಮೆಚ್ಚಿದ್ದು ಈ ಅಳತೆಯನ್ನು. ಕಾಲದಲ್ಲಿ ಹಿಂದಕ್ಕೆ ಹೋದ ಅತಿಮಾನುಷ ನಾಯಕಿ ದಂಗೆಯನ್ನು ನಿಲ್ಲಿಸಬಹುದಿತ್ತು, ಸಾವಿರ ಜನರನ್ನು ಎತ್ತಿ ದಾಟಿಸಬಹುದಿತ್ತು. ಬರೆದವರು ಅವಳಿಗೆ ಅದಾವುದನ್ನೂ ಕೊಟ್ಟಿಲ್ಲ. ತನ್ನದೇ ಲೋಕದಿಂದ ಬಂದ ನಜ್ಮಾಳ ಇರಿತಕ್ಕೆ ಸಿಕ್ಕಿ ಸಾಯುತ್ತಿರುವ ಆಯಿಷಾಳನ್ನು ಉಳಿಸುವುದಕ್ಕೂ ಕಮಲಾಳಿಂದ ಆಗುವುದಿಲ್ಲ. ಅವಳು ಮಾಡಿದ್ದು ಇಷ್ಟೇ: ಗದ್ದಲದಲ್ಲಿ ಒಂಟಿಯಾದ ಸನಾಳನ್ನು ಹುಡುಕಿ, ಬೆಳಕಿನ ಚುಕ್ಕಿಗಳನ್ನು ಎಬ್ಬಿಸಿ, ಅವಳ ತಂದೆಯ ಕಡೆಗೆ ದಾರಿ ಮಾಡಿಕೊಟ್ಟದ್ದು. ಮನೆಯವರು ಎಪ್ಪತ್ತೈದು ವರ್ಷ ಹೇಳಿಕೊಂಡು ಬಂದ ನಕ್ಷತ್ರಗಳು ಆ ಮನೆಯ ಮೊಮ್ಮಗಳೇ ಆಗಿದ್ದಳು.

ಕಾಮಿಕ್ಸ್ ಓದಿದವರಿಗೆ ಮೊದಲ ಕಂತಿನಿಂದಲೂ ಒಂದು ಸಿಟ್ಟಿತ್ತು, ನನಗೂ ಇತ್ತು. 2014ರಿಂದ ಪುಸ್ತಕದಲ್ಲಿ ನಾವು ಬಲ್ಲ ಕಮಲಾಳದು ಕೈಕಾಲನ್ನು ಬೇಕಾದಷ್ಟು ಉದ್ದ ಮಾಡಿ ಹಿಗ್ಗಿಸುವ ಶಕ್ತಿ. ಅದನ್ನು ಬಿಟ್ಟು ಈ ನೇರಳೆ ಬೆಳಕನ್ನು ಏಕೆ ತಂದರೋ ಎಂದು ಗೊಣಗಿದ್ದೆ. ಆ ಗೊಣಗಾಟವನ್ನು ಈ ಕಂತು ನೋಡಿದ ಮೇಲೆ ಹಿಂತೆಗೆದುಕೊಂಡಿದ್ದೇನೆ. ಉದ್ದವಾದ ಕೈಯಿಂದ ಕೂಸನ್ನು ಎತ್ತಿ ತಂದೆಯ ತೋಳಿಗೆ ಹಾಕಬಹುದಿತ್ತು ನಿಜ, ಆದರೆ ಮುಂದೆ ಅಜ್ಜಿಯಾದವಳು ಕಥೆಯಾಗಿ ಹೇಳುವಂಥದ್ದು ಏನೂ ಉಳಿಯುತ್ತಿರಲಿಲ್ಲ.

ವರ್ತಮಾನಕ್ಕೆ ಮರಳಿದ ಮೇಲೆ ಕಂತು ಓಡತೊಡಗುತ್ತದೆ. ಎರಡು ಲೋಕಗಳ ನಡುವಿನ ತೆರೆ ಹರಿಯುವುದು, ಇಷ್ಟು ದಿನ ಹಗೆ ಸಾಧಿಸಿದ ನಜ್ಮಾ ಕಮಲಾಳ ನಾಲ್ಕು ಮಾತಿಗೆ ಕರಗಿ, ತಾನೇ ಬಿಟ್ಟುಬಂದ ಮಗನನ್ನು ನೆನೆದು ಪ್ರಾಣ ಕೊಡುವುದು, ಅವಳ ಶಕ್ತಿ ದೂರದ ಜೆರ್ಸಿ ಸಿಟಿಯಲ್ಲಿರುವ ಆ ಮಗ ಕಮ್ರಾನ್‌ಗೆ ಹೋಗುವುದು ಎಲ್ಲವೂ ಕೆಲವೇ ನಿಮಿಷಗಳಲ್ಲಿ ಮುಗಿದುಹೋಗುತ್ತದೆ. ನಿಮ್ರಾ ಬುಚಾ ಅವರಂಥ ನಟಿ ಇದ್ದೂ ಇಷ್ಟು ಅವಸರದಲ್ಲಿ ಪಾತ್ರವನ್ನು ಮುಗಿಸಿದ್ದು ಸರಿಯಲ್ಲ. ಆರೇ ಕಂತು ಎಂದು ಮೊದಲೇ ಗೆರೆ ಎಳೆದುಕೊಂಡರೆ ಹೀಗೇ ಆಗುವುದು. ಆಮೇಲೆ ಕರಾಚಿಯ ಗಲ್ಲಿಯಲ್ಲಿ ಅಜ್ಜಿ, ತಾಯಿ, ಮಗಳು ಮೂವರೂ ಒಟ್ಟಿಗೆ ನಿಂತು, ಕಮಲಾ ತಂದ ಆಯಿಷಾಳ ಫೋಟೋ ಸನಾಳ ಕೈಗೆ ಬರುವ ದೃಶ್ಯ ಬಂದಾಗ ಕಂತಿಗೆ ಮತ್ತೆ ಉಸಿರು ಬರುತ್ತದೆ.

ಇನ್ನು ಅವ್ವನ ವಿಷಯ. ಅವಳಿಗೆ ಮಾರ್ವೆಲ್ಲೂ ಗೊತ್ತಿಲ್ಲ, ಬಳೆಯ ಲೆಕ್ಕಾಚಾರವೂ ಬೇಕಿರಲಿಲ್ಲ. ಮೆಂತ್ಯದ ಸೊಪ್ಪು ಬಿಡಿಸುತ್ತ ಆಗೊಮ್ಮೆ ಈಗೊಮ್ಮೆ ತಲೆ ಎತ್ತುತ್ತಿದ್ದಳು. ಪ್ಲಾಟ್‌ಫಾರ್ಮಿನ ಜನಸಂದಣಿ ಬಂದಾಗ ಕೈ ನಿಂತಿತು. “ರಜಾಕಾರರ ಹಾವಳ್ಯಾಗ ನಮ್ಮವ್ವನೂ ಹಿಂಗ ಹೋಗಿದ್ದಳು,” ಎಂದಳು. ನಮ್ಮ ಕಡೆಯವರಿಗೆ 1947ಕ್ಕಿಂತ ಅದರ ಮರುವರ್ಷವೇ ಹೆಚ್ಚು ನೆನಪು. ಹೈದರಾಬಾದ್ ಸಂಸ್ಥಾನ ಭಾರತಕ್ಕೆ ಸೇರಿದ್ದು 1948ರ ಸೆಪ್ಟೆಂಬರಿನಲ್ಲಿ, ಅಲ್ಲಿಯವರೆಗೆ ನಿಜಾಮನ ಪರ ನಿಂತ ಸಶಸ್ತ್ರ ಪಡೆಯವರಾದ ರಜಾಕಾರರಿಗೆ ಹೆದರಿ ಆಳಂದದ ಕಡೆಯ ಎಷ್ಟೋ ಮನೆಗಳು ರಾತ್ರೋರಾತ್ರಿ ಬಂಡಿ ಕಟ್ಟಿ ಗಡಿಯಾಚೆಯ ಸೊಲ್ಲಾಪುರದ ಕಡೆ ಹೊರಟವು. ಆಯಿ, ಅಂದರೆ ಅವ್ವನ ತಾಯಿ, ಎರಡು ವರ್ಷದ ಸೋದರಮಾವನನ್ನು ಸೊಂಟಕ್ಕೆ ಕಟ್ಟಿಕೊಂಡು ಹೊರಡುವ ಮುಂಚೆ, ಎಮ್ಮೆ ಉಪವಾಸ ಸಾಯಬಾರದೆಂದು ಅದರ ಕಣ್ಣಿ ಬಿಚ್ಚಿ ಬಿಟ್ಟಳಂತೆ. ಅಕ್ಕಲಕೋಟೆ ದಾಟಿ ಬೆಳಗಾದ ಮೇಲೆ ನೋಡಿಕೊಂಡರೆ ಆ ಕಣ್ಣಿ ಕೈಯಲ್ಲೇ ಇತ್ತಂತೆ. ಈ ಕಥೆಯನ್ನು ನಾನು ಕೇಳಿದ್ದು ಅದೇ ಮೊದಲು.

ಅಷ್ಟು ಹೇಳಿ ಅವ್ವ ಮತ್ತೆ ಟೀವಿಯ ಕಡೆ ನೋಡಿದಳು. ನಾನು ಮಾತು ಕೇಳುತ್ತ ಕಂತನ್ನು ನಿಲ್ಲಿಸಿದ್ದೆ. ತೆರೆಯ ಮೇಲೆ ಸನಾ ಇನ್ನೂ ಒಂಟಿಯಾಗಿಯೇ ಇದ್ದಳು.

“ಆ ಕೂಸು ಅವರಪ್ಪಗ ಸಿಕ್ಕೀತೇನು?” ಎಂದು ಕೇಳಿದಳು.

ಸಿಗುತ್ತದೆ ಎಂದೆ. ಹಾಗಾದರೆ ಹಚ್ಚು ಎಂದು ಸೊಪ್ಪಿನ ಮೊರವನ್ನು ಪಕ್ಕಕ್ಕೆ ಸರಿಸಿದಳು.