ಪಾಯಿಂಟ್ 22ಕ್ಕೆ ಕಾಡುಹಂದಿ ಬೀಳುತ್ತದಾ?

ನಮ್ಮ ಕಾಸರಗೋಡಿನ ಪೆರ್ಲ, ಬದಿಯಡ್ಕ, ಮುಳ್ಳೇರಿಯ ಕಡೆ ಈಗ ನಾಲ್ಕು ಜನ ಅಡಿಕೆ ಕೃಷಿಕರು ಸೇರಿದರೆ ಈ ಪ್ರಶ್ನೆ ಬಂದೇ ಬರುತ್ತದೆ. ಕೇಳುವವರು ಹೆಚ್ಚಾಗಿ ಬೆಡಿ (ಕೋವಿ) ಮುಟ್ಟಿಯೇ ಇಲ್ಲದ ಹುಡುಗರು. ಮೊಬೈಲಿನಲ್ಲಿ ಟೆಕ್ಸಾಸಿನ ವಿಡಿಯೊ ನೋಡಿರುತ್ತಾರೆ. ಸಪೂರದ ರೈಫಲ್, ಪುಟ್ಟ ಗುಂಡು, ಕತ್ತಲಲ್ಲೂ ಹಂದಿ ಬೆಳ್ಳಗೆ ಕಾಣುವ ಥರ್ಮಲ್ ಸ್ಕೋಪು, ಟಪ್ ಟಪ್ ಅಂತ ಒಂದರ ಹಿಂದೆ ಒಂದು ಉರುಳುತ್ತವೆ. ಅದನ್ನು ನೋಡಿದ ಮೇಲೆ ನಮ್ಮ ಓಬೀರಾಯನ ಕಾಲದ ಜೋಡುನಳಿಗೆ ಯಾರಿಗೆ ಬೇಕು, ಅಲ್ವಾ?

ಆದರೆ ಆ ವಿಡಿಯೊದಲ್ಲಿ ಇರುವುದು ನಮ್ಮವರು ಟೂ ಟೂ ಅನ್ನುವ ಪಾಯಿಂಟ್ 22 ಅಲ್ಲ. ಅದು ಹೆಚ್ಚಾಗಿ 223 ಅನ್ನುವ ಬೇರೆಯೇ ರೈಫಲ್. ಎರಡರ ಗುಂಡೂ ಹೆಚ್ಚು ಕಡಿಮೆ ಒಂದೇ ದಪ್ಪ, ಐದೂವರೆ ಮಿಲಿಮೀಟರಿನ ಆಸುಪಾಸು. ವ್ಯತ್ಯಾಸ ಇರುವುದು ಹಿಂದಿನ ತೋಟೆಯಲ್ಲಿ. ಟೂ ಟೂ ತೋಟೆ ಕಿರುಬೆರಳಿನ ಅರ್ಧ ಉದ್ದವೂ ಇಲ್ಲ. ಗುಂಡಿನ ತೂಕ ಸುಮಾರು 2.6 ಗ್ರಾಂ, ನಳಿಗೆಯಿಂದ ಹೊರಡುವಾಗ ಅದರ ಶಕ್ತಿ 150 ಜೌಲಿನ ಅಂದಾಜು. 223ರ ಗುಂಡು ಮೂರೂವರೆ ಗ್ರಾಂ ಇದ್ದೀತು, ಆದರೆ ಮದ್ದು ಎಷ್ಟೋ ಪಾಲು ಜಾಸ್ತಿ, ಹಾಗಾಗಿ ಶಕ್ತಿ 1,700 ಜೌಲ್ ಹತ್ತಿರ. ಅಂದರೆ ಹತ್ತು ಪಟ್ಟಿಗೂ ಮೇಲೆ. ನಮ್ಮ ಹಳೆಯ 12 ಬೋರಿನ ಜೋಡುನಳಿಗೆ ಕೂಡ ಸರಿಯಾದ ತೋಟೆ ಹಾಕಿದರೆ 2,000 ಜೌಲ್ ದಾಟುತ್ತದೆ. ಇದನ್ನು ಹೇಳಿದರೆ ಹುಡುಗರು ನಂಬುವುದಿಲ್ಲ. ಉದ್ದ ನಳಿಗೆ, ಸ್ಕೋಪು ಇದ್ದದ್ದೇ ದೊಡ್ಡ ಬೆಡಿ ಅಂತ ಅವರ ಲೆಕ್ಕ.

ಇನ್ನೊಂದು ಕಡೆಯವರು ಇದ್ದಾರೆ. "ಸಾಕು ಹಂದಿಯನ್ನು ಟೂ ಟೂ ಹಾಕಿಯೇ ಕೊಲ್ಲುತ್ತಾರಲ್ಲ" ಅನ್ನುತ್ತಾರೆ. ಹೌದು, ಹೊರದೇಶದ ಫಾರ್ಮುಗಳಲ್ಲಿ ಹಾಗೆ ಮಾಡುತ್ತಾರೆ. ಹಂದಿ ಬಕೆಟಿಗೆ ಮೂತಿ ಹಾಕಿ ನಿಂತಿರುತ್ತದೆ, ನಳಿಗೆ ಹಣೆಗೆ ತಾಗುವಷ್ಟು ಹತ್ತಿರ ಇರುತ್ತದೆ, ಜಾಗ ಹುಡುಕಿ ಇಡುವುದಕ್ಕೆ ಸಮಯವೂ ಇರುತ್ತದೆ. ನಮ್ಮ ತೋಟದಲ್ಲಿ ರಾತ್ರಿ ಎರಡು ಗಂಟೆಗೆ, ಜಡಿಮಳೆಯಲ್ಲಿ, ಕಣಿಯ (ನೀರು ಹರಿಯುವ ಚರಂಡಿಯ) ಆಚೆ ಬದಿಯಲ್ಲಿ ಬಾಳೆಗಿಡ ಮಗುಚಿ ಹಾಕುವ ಹಂದಿ ಯಾರಿಗೂ ಹಣೆ ತೋರಿಸಿ ನಿಲ್ಲುವುದಿಲ್ಲ. ತಲೆ ಒಂದು ಕ್ಷಣ ಸುಮ್ನೆ ಇರುವುದಿಲ್ಲ. ಕಿವಿಯ ಬುಡಕ್ಕೆ ಸರಿಯಾಗಿ ಬಿದ್ದರೆ ಟೂ ಟೂ ಸಾಕು, ಅದು ನಿಜ. ನಾಲ್ಕು ಬೆರಳು ಆಚೆ ಬಿದ್ದರೆ ದವಡೆ ಒಡೆಯುತ್ತದೆ, ಹಂದಿ ಓಡುತ್ತದೆ, ತಿನ್ನಲಿಕ್ಕಾಗದೆ ಎಲ್ಲೋ ಬಿದ್ದು ದಿನಗಟ್ಟಲೆ ನರಳಿ ಸಾಯುತ್ತದೆ. ಎದುರಿನಿಂದ ಹೊಡೆದರೆ ಇನ್ನೂ ಕಷ್ಟ. ಬುರುಡೆ ಇಳಿಜಾರು, ಸಣ್ಣ ಗುಂಡು ಜಾರಿ ಹೋಗುವುದೂ ಉಂಟು.

ಎದೆಗೆ ಹೊಡೆಯುತ್ತೇವೆ ಅನ್ನುವವರಿಗೂ ಒಂದು ಮಾತು. ಹಂದಿಯ ಹೃದಯ ಜಿಂಕೆಯದ್ದಕ್ಕಿಂತ ಕೆಳಗೆ, ಮುಂದೆ ಇರುತ್ತದೆ, ಮುಂಗಾಲುಗಳ ನಡುವೆಯೇ ಅನ್ನಬಹುದು. ಅದರ ಮೇಲೆ ಗಂಡಿಗೆ ಭುಜದಲ್ಲಿ ದಪ್ಪ ಚರ್ಮದ ಕವಚ ಬೇರೆ. ಹೋದ ಮಳೆಗಾಲದಲ್ಲಿ ನಮ್ಮ ಕೆಳಗಿನ ತೋಟದಲ್ಲಿ ಪಂಚಾಯತಿಯ ಅನುಮತಿ ಇದ್ದ ಬೆಡಿಯವರೊಬ್ಬರು ಒಂದು ಒಂಟಿಗ, ಅಂದರೆ ಒಂಟಿಯಾಗಿ ತಿರುಗುವ ಗಂಡು ಹಂದಿ, ಹೊಡೆದು ಹಾಕಿದ್ದರು. ಹೂಳುವ ಮೊದಲು ಅವರು ಅದರ ಭುಜವನ್ನು ಮುಟ್ಟಿ ನೋಡಲು ಹೇಳಿದರು. ಒಣಗಿದ ಕೆಸರು, ಅದರ ಕೆಳಗೆ ಬ್ರಶ್ಶಿನ ಹಾಗೆ ಒರಟು ಕೂದಲು. ಅದರಡಿಯ ಚರ್ಮ ಒತ್ತಿದರೆ ತಗ್ಗುವುದೇ ಇಲ್ಲ. ಬೆರಳು ಸರಿಸುವಾಗ ಒಂದು ಕಡೆ ಕಡಲೆಯಷ್ಟು ದೊಡ್ಡ ಗಂಟು ಸಿಕ್ಕಿತು, ಆಚೀಚೆ ಜಾರುವಂಥದ್ದು. "ಹಳೆಯ ಚರೆ. ಯಾರೋ ಹಿಂದೆ ಹೊಡೆದದ್ದು" ಅಂದರು. ಮೇಲೆ ಗಾಯದ ಗುರುತೇ ಇಲ್ಲ, ಕೂದಲು ಬೆಳೆದು ಮುಚ್ಚಿತ್ತು. ಆ ಸೀಸ ಹೊತ್ತುಕೊಂಡು ಅದು ಎಷ್ಟು ತೋಟ ಅಗೆದಿದೆಯೋ.

ಗುಂಡು ಒಳಗೆ ಹೋದರೂ ಕಥೆ ಮುಗಿಯುವುದಿಲ್ಲ. ಸಣ್ಣ ತೂತು, ಅದನ್ನು ಕೊಬ್ಬು ಬಂದು ಮುಚ್ಚುತ್ತದೆ. ರಕ್ತ ಹೊರಗೆ ಬೀಳುವುದೇ ಕಡಿಮೆ. ಒದ್ದೆ ಸೋಗೆ, ಹಾಳೆ, ಕೆಸರಿನ ಮೇಲೆ ಟಾರ್ಚು ಹಿಡಿದು ಎಲ್ಲಿ ಅಂತ ಜಾಡು ಹುಡುಕುತ್ತೀರಿ? ಗಾಯದ ಹಂದಿ ಹೋಗಿ ಸೇರುವುದು ಗುಡ್ಡೆಯ ಮುಳ್ಳುಪೊದೆಗೆ, ಇಲ್ಲವೇ ನೀರಿಗಾಗಿ ಗುಡ್ಡೆಗೆ ಅಡ್ಡಲಾಗಿ ಕೊರೆದು, ನೀರು ಬತ್ತಿ ಬಿಟ್ಟುಹೋದ ಹಳೆಯ ಸುರಂಗಕ್ಕೆ. ನಮ್ಮ ಸುರಂಗ ನೋಡಿದವರಿಗೆ ಗೊತ್ತು, ಒಬ್ಬ ಮನುಷ್ಯ ಹೋಗುವಷ್ಟೇ ಅಗಲ. ಅದರ ಬಾಯಿಯಲ್ಲಿ ಬಗ್ಗಿ ನೋಡುವವನು ಯಾರು? ಮೊದಲು ಹೋಗುವುದು ನಾಯಿ, ಕೋರೆ ತಾಗಿ ಹೊಟ್ಟೆ ಹರಿಯುವುದೂ ನಾಯಿಯದ್ದೇ.

ಇದಕ್ಕಿಂತ ನನಗೆ ಹೆಚ್ಚು ಹೆದರಿಕೆ ಇರುವುದು ತಪ್ಪಿದ ಗುಂಡಿನದ್ದು. ಹಂದಿಗೆ ಸಾಲದ ಟೂ ಟೂ ಗುಂಡು ಮನುಷ್ಯನಿಗೆ ಧಾರಾಳ ಸಾಕು, ಅದೂ ಒಂದು ಮೈಲಿ ಆಚೆಯವರೆಗೆ ಹಾರಬಲ್ಲದು. ಕಾಸರಗೋಡಿನಲ್ಲಿ ಬೇರೆ ಕಡೆಯ ಹಾಗೆ ಊರು ಒಂದು ಕಡೆ, ಹೊಲ ಒಂದು ಕಡೆ ಅಂತ ಇಲ್ಲ. ಪ್ರತಿ ತೋಟದಲ್ಲಿ ಒಂದು ಮನೆ, ಪ್ರತಿ ಗುಡ್ಡೆಯ ಮಗ್ಗುಲಲ್ಲಿ ಒಂದು ದೀಪ. ಯಾವ ದಿಕ್ಕಿಗೆ ನಳಿಗೆ ತಿರುಗಿಸಿದರೂ ಅಲ್ಲಿ ಯಾರೋ ಮಲಗಿರುತ್ತಾರೆ. ಮುರಕಲ್ಲಿಗೆ ತಾಗಿದ ಗುಂಡು ಯಾವ ಕಡೆ ಚಿಮ್ಮುತ್ತದೆ ಅಂತ ಹೊಡೆದವನಿಗೂ ಗೊತ್ತಿರುವುದಿಲ್ಲ. ಟೆಕ್ಸಾಸಿನ ಬಯಲಿಗೂ ನಮಗೂ ಇರುವ ದೊಡ್ಡ ವ್ಯತ್ಯಾಸ ಇದೇ. ತಿಳಿದ ಬೆಡಿಯವರು ಮರದ ಮೇಲೆ ಅಟ್ಟಣಿಗೆ ಕಟ್ಟಿ, ಹಂದಿ ಹತ್ತಿರ ಬರುವ ತನಕ ಕಾದು, ಮೇಲಿನಿಂದ ಕೆಳಕ್ಕೆ, ಹಿಂದೆ ಮಣ್ಣಿನ ದರೆ ಇರುವ ಹಾಗೆ ನೋಡಿಕೊಂಡು 12 ಬೋರಿನಲ್ಲೇ ಹೊಡೆಯುತ್ತಾರೆ. ದಪ್ಪ ಚರೆ ಹತ್ತಿರದಿಂದ ಕೆಲಸ ಮುಗಿಸುತ್ತದೆ, ದೂರ ಹೋದ ಹಾಗೆ ಬೇಗ ಸೊರಗುತ್ತದೆ. ನನ್ನ ಕೇಳಿದರೆ ನಮ್ಮ ಜಾಗಕ್ಕೆ ಸರಿಯಾದದ್ದು ಅದೇ.

ಟೂ ಟೂ ಬೇಕು ಅನ್ನುವವರಲ್ಲಿ ಕೆಲವರಿಗೆ ನಿಜವಾಗಿ ಬೇಕಾದದ್ದು ಸದ್ದು ಕಡಿಮೆ ಇರುವ ಬೆಡಿ. ಯಾಕೆ ಅಂತ ನಾನು ಬಿಡಿಸಿ ಹೇಳಬೇಕಾಗಿಲ್ಲ.

ಕಾನೂನಿನಲ್ಲೂ ಟೆಕ್ಸಾಸಿಗೂ ನಮಗೂ ವ್ಯತ್ಯಾಸ ಇದೆ. ಅಮೆರಿಕದಲ್ಲಿ ಹಂದಿ ಅನ್ನುವುದು ಹೊರಗಿನಿಂದ ಬಂದ ಪ್ರಾಣಿ. 1539ರಲ್ಲಿ ಸ್ಪೇನಿನ ಡಿ ಸೋಟೊ ಫ್ಲೋರಿಡಾಕ್ಕೆ ಇಳಿಯುವಾಗ ಹಡಗಿನಲ್ಲಿ ಹಂದಿ ತಂದಿದ್ದ. ಅಂಥವು ತಪ್ಪಿಸಿಕೊಂಡು ಕಾಡು ಸೇರಿದವು. ಹಾಗಾಗಿ ಟೆಕ್ಸಾಸಿನಲ್ಲಿ 2019ರಿಂದ ಖಾಸಗಿ ಜಾಗದಲ್ಲಿ ಮಾಲೀಕರ ಒಪ್ಪಿಗೆ ಇದ್ದರೆ ಬೇಟೆ ಲೈಸೆನ್ಸೇ ಬೇಡ. ನಮ್ಮ ಹಂದಿ ಇಲ್ಲಿನದ್ದೇ, 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆ ಅದಕ್ಕಿದೆ. ಕೇರಳ ಸರಕಾರ 2022ರ ಮೇ ತಿಂಗಳಲ್ಲಿ ಪಂಚಾಯತಿ ಅಧ್ಯಕ್ಷರಿಗೆ, ನಗರಸಭೆ ಅಧ್ಯಕ್ಷರಿಗೆ ಬೆಳೆ ಹಾಳು ಮಾಡುವ ಹಂದಿಯನ್ನು ಕೊಲ್ಲಿಸುವ ಅಧಿಕಾರ ಕೊಟ್ಟಿತು. ಬೆಡಿಯಿಂದ ಹೊಡೆಯುವುದಾದರೆ ಅದಕ್ಕೆ ಲೈಸೆನ್ಸ್ ಇರಬೇಕು. ವಿಷ, ಸಿಡಿಮದ್ದು, ಕರೆಂಟು ಕೂಡದು. ಸತ್ತದ್ದನ್ನು ಹೂಳಬೇಕು, ಲೆಕ್ಕ ಬರೆದಿಡಬೇಕು. ಹಂದಿಯನ್ನು ಕ್ಷುದ್ರ ಜೀವಿ, ಅಂದರೆ ಕಾಯ್ದೆಯ ರಕ್ಷಣೆ ಇಲ್ಲದ ಪ್ರಾಣಿ ಅಂತ ಘೋಷಿಸಿ ಅಂತ ಕೇರಳ ಕೇಂದ್ರವನ್ನು ಕೇಳುತ್ತಲೇ ಬಂತು, ಕೇಂದ್ರ ಒಪ್ಪಲಿಲ್ಲ. ಈ ಆದೇಶ ಗಡಿಕಲ್ಲಿನ ತನಕ ಮಾತ್ರ, ಹಂದಿ ಮಾತ್ರ ಕರ್ನಾಟಕದ ಸುಳ್ಯದ ಕಡೆಯಿಂದ ನಮ್ಮ ದೇಲಂಪಾಡಿಗೆ ಆರಾಮವಾಗಿ ಬಂದು ಹೋಗುತ್ತದೆ.

ಹಿಂದೆ ಬೋಂಟೆ (ಬೇಟೆ) ಅಂದರೆ ಮಾಂಸದ ಪಾಲಿನ ಸಂಭ್ರಮ. ಈಗ ಹೂಳಲು ಗುಂಡಿ ತೋಡುವ ಕೂಲಿ, ಹೆಣಕ್ಕೆ ಸುರಿಯುವ ಸೀಮೆಎಣ್ಣೆಯ ಖರ್ಚು. ಬೆಡಿಯವರಿಗೂ ಉತ್ಸಾಹ ಎಲ್ಲಿಂದ ಬರಬೇಕು? ಇರುವವರೇ ಬೆರಳೆಣಿಕೆ, ಅವರಿಗೂ ವಯಸ್ಸಾಯಿತು. ಜೊತೆಗೆ ಪಂಚಾಯತಿ, ಅಸೆಂಬ್ಲಿ, ಲೋಕಸಭೆ ಅಂತ ಚುನಾವಣೆ ಬಂದಾಗೆಲ್ಲ ಬೆಡಿ ಸ್ಟೇಷನ್ನಿಗೆ ಕೊಟ್ಟು ರಶೀದಿ ತರಬೇಕು. ಆ ದಿನಗಳಲ್ಲಿ ತೋಟದ ಯಜಮಾನಿಕೆ ಹಂದಿಗಳದ್ದೇ.

ಇಷ್ಟೆಲ್ಲ ಹೇಳಿದ ಮೇಲೆ ಒಬ್ಬ ಹುಡುಗ ಕೇಳಿದ, "ಹಾಗಾದರೆ ಏರ್‌ಗನ್? ಅದಕ್ಕೆ ಲೈಸೆನ್ಸ್ ಬೇಡವಲ್ಲ." 177 ಬೋರಿನ, 20 ಜೌಲ್ ಮೀರದ ಏರ್‌ಗನ್ನಿಗೆ ಲೈಸೆನ್ಸ್ ಬೇಡ, ಸರಿ. ಆದರೆ ಅದರಿಂದ ಹಂದಿಗೆ ಹೊಡೆಯಲು ಯಾರೂ ಅನುಮತಿ ಕೊಟ್ಟಿಲ್ಲ. 150 ಜೌಲಿಗೆ ಆಗದ ಕೆಲಸ 20ಕ್ಕೆ ಆಗುತ್ತದಾ? ಗಾಯ ಕೀವಾಗುತ್ತದೆ, ಹಂದಿ ನಾಳೆ ಮತ್ತೆ ಬರುತ್ತದೆ. ಉರುಳು, ಸಿಡಿಮದ್ದಿನ ಮಾತಂತೂ ಎತ್ತಲೇಬಾರದು. 2020ರಲ್ಲಿ ಪಾಲಕ್ಕಾಡಿನಲ್ಲಿ ಗರ್ಭಿಣಿ ಆನೆಯ ಬಾಯಿ ಒಡೆದದ್ದು ಹಂದಿಗೆ ಇಡುವಂಥ ಸಿಡಿಮದ್ದೇ.

ನಾನು ಸದ್ಯಕ್ಕೆ ಸೋಲಾರ್ ಬೇಲಿಯನ್ನೇ ನೆಚ್ಚಿಕೊಂಡಿದ್ದೇನೆ. ಹಂದಿ ಹಾರುವುದಕ್ಕಿಂತ ನುಗ್ಗುವುದೇ ಜಾಸ್ತಿ, ಹಾಗಾಗಿ ಅಡಿಯ ತಂತಿ ನೆಲದಿಂದ ಒಂದು ಗೇಣಿಗಿಂತ ಮೇಲೆ ಇರಬಾರದು. ಮಳೆಗಾಲದಲ್ಲಿ ಹುಲ್ಲು ಬೆಳೆದು ಆ ತಂತಿಗೆ ತಾಗಿದರೆ ಕರೆಂಟೆಲ್ಲ ಭೂಮಿಗೆ ಹೋಗುತ್ತದೆ, ಬೇಲಿ ಬರೀ ಬಟ್ಟೆ ಒಣಗಿಸುವ ಸರಿಗೆಯಾಗುತ್ತದೆ. ಹುಲ್ಲು ಕೆರೆಯಲು ಆಳು ಸಿಗುತ್ತಿಲ್ಲ, ಭಾನುವಾರ ನಾನೇ ಇಳಿಯಬೇಕು.