ಶಿರಾಡಿ ಘಾಟಿ: ಇಳಿಯುವ ಮೈಲೇಜೇ ಬೇರೆ, ಹತ್ತುವ ಮೈಲೇಜೇ ಬೇರೆ

ಎಲೆಕ್ಟ್ರಿಕ್ ಕಾರಿನಲ್ಲೋ, ಪೆಟ್ರೋಲ್ ಎಂಜಿನ್ ಜೊತೆ ಬ್ಯಾಟರಿ-ಮೋಟಾರೂ ಇರುವ ಹೈಬ್ರಿಡ್‌ನಲ್ಲೋ ಬೆಂಗಳೂರಿನಿಂದ ಮಂಗಳೂರಿಗೆ ಇಳಿದಾಗ ಡ್ಯಾಶ್‌ಬೋರ್ಡ್ ತೋರಿಸುವ ಮೈಲೇಜ್ ನಂಬಿ ವಾಪಸ್ ಬರುವ ಲೆಕ್ಕ ಹಾಕಬೇಡಿ. ಈ ದಾರಿಯಲ್ಲಿ ಮೋಸ ಹೋಗುವುದು ಅಲ್ಲೇ. ಬೆಂಗಳೂರು, ಸಕಲೇಶಪುರ ಎರಡೂ ಹೆಚ್ಚುಕಡಿಮೆ 900 ಮೀಟರ್ ಎತ್ತರದಲ್ಲಿವೆ. ಆ ಎತ್ತರದ ಬಹುಪಾಲು ಇಳಿದುಹೋಗುವುದು ಸಕಲೇಶಪುರ ದಾಟಿ ಶಿರಾಡಿ ಘಾಟಿಯಲ್ಲಿ, ಗುಂಡ್ಯ ಸೇರುವುದರೊಳಗೆ.

ಜನ, ಲಗೇಜು ಸೇರಿ 1,800 ಕೆ.ಜಿ. ತೂಗುವ ಎಲೆಕ್ಟ್ರಿಕ್ ಕಾರು ಅಷ್ಟು ಎತ್ತರ ಹತ್ತಲು ಸುಮಾರು 5 ಯೂನಿಟ್ ಹೆಚ್ಚುವರಿ ಕರೆಂಟ್ ತಿನ್ನುತ್ತದೆ. ಇಳಿಯುವಾಗ ರೀಜನ್‌ನಿಂದ, ಅಂದರೆ ವೇಗ ತಗ್ಗಿಸುವಾಗ ಮೋಟಾರೇ ಕರೆಂಟ್ ತಯಾರಿಸಿ ಬ್ಯಾಟರಿಗೆ ತುಂಬುವುದರಿಂದ, ವಾಪಸ್ ಸಿಗುವುದು ಸುಮಾರು 3 ಯೂನಿಟ್. ಹೋಗುವುದಕ್ಕೂ ಬರುವುದಕ್ಕೂ 8 ಯೂನಿಟ್ ವ್ಯತ್ಯಾಸ, ಅಂದರೆ 50 ಕಿ.ಮೀ. ಓಡುವಷ್ಟು. ಹಾಸನದಲ್ಲೋ ಸಕಲೇಶಪುರದಲ್ಲೋ ಚಾರ್ಜ್ ಮಾಡಿದರೆ 80 ಪರ್ಸೆಂಟಿಗೆ ನಿಲ್ಲಿಸಿ. ಬ್ಯಾಟರಿ ತುಂಬಿದ್ದರೆ ಅದಕ್ಕೆ ಕರೆಂಟ್ ಸೇರಿಸಿಕೊಳ್ಳಲು ಜಾಗವಿಲ್ಲ, ರೀಜನ್ ಸಡಿಲವಾಗುತ್ತದೆ, ತಿರುವು ತಿರುವಿಗೂ ಬ್ರೇಕ್ ತುಳಿದು ಬ್ರೇಕ್ ಪ್ಯಾಡ್ ಬಿಸಿಯಾಗುತ್ತದೆ.

ಹೈಬ್ರಿಡ್‌ನ ತೊಂದರೆಯೂ ಇದೇ, ಆದರೆ ಬೇಗ ಬರುತ್ತದೆ. ಗ್ರ್ಯಾಂಡ್ ವಿಟಾರಾ ಸ್ಟ್ರಾಂಗ್ ಹೈಬ್ರಿಡ್‌ನ ಬ್ಯಾಟರಿ 1 ಯೂನಿಟ್‌ಗೂ ಕಮ್ಮಿ. ಘಾಟಿಯ ಮೊದಲ ಕೆಲವು ತಿರುವುಗಳಲ್ಲೇ ತುಂಬಿಬಿಡುತ್ತದೆ. ಆಮೇಲೆ ಆಕ್ಸಿಲರೇಟರ್ ಮುಟ್ಟದಿದ್ದರೂ ಎಂಜಿನ್ ಗುಂಯ್ ಅನ್ನುತ್ತದೆ. ಗಾಬರಿಯಾಗಬೇಡಿ, ಹೆಚ್ಚಾದ ಶಕ್ತಿಯನ್ನು ಎಂಜಿನ್ ತಿರುಗಿಸಿ ಖರ್ಚು ಮಾಡುತ್ತಿದೆ. ಗೇರನ್ನು ಎಂಜಿನ್ ಬ್ರೇಕಿಂಗ್ ಹೆಚ್ಚಿಸುವ ಬಿ ಮೋಡ್‌ಗೆ ಹಾಕಿ ಇಳಿಯಿರಿ. ವಾಪಸ್ ಹತ್ತುವಾಗ ಒಂದು ಲೀಟರಿನಷ್ಟು ಪೆಟ್ರೋಲ್ ಹೆಚ್ಚು ಹೋಗುತ್ತದೆ. ಕಾಗದದ ಮೇಲಿನ ಲೀಟರಿಗೆ 27.97 ಕಿ.ಮೀ. ಹೆದ್ದಾರಿಯಲ್ಲಿ ಸಿಗದು. 20ರಿಂದ 22 ಸಿಕ್ಕರೆ ಚೆನ್ನಾಗಿದೆ ಅನ್ನಿ. ಈ ಕಾರು ನಿಜವಾಗಿ ಉಳಿಸುವುದು ನೆಲಮಂಗಲದ ಟ್ರಾಫಿಕ್ಕಿನಲ್ಲಿ.

ಈಗ ದುಡ್ಡಿನ ಮಾತು. ಒಂದು ಕಡೆಗೆ 350 ಕಿ.ಮೀ. ಹೈಬ್ರಿಡ್‌ಗೆ 16–17 ಲೀಟರ್, ಸುಮಾರು 1,700 ರೂಪಾಯಿ. ಎಲೆಕ್ಟ್ರಿಕ್‌ಗೆ 80–90ರ ವೇಗದಲ್ಲಿ 55 ಯೂನಿಟ್. ಪೂರ್ತಿ ಹೆದ್ದಾರಿ ಚಾರ್ಜರ್‌ನಲ್ಲೇ ತುಂಬಿಸಿದರೆ, ಯೂನಿಟ್‌ಗೆ 20 ರೂಪಾಯಿ ಮತ್ತು ಅದರ ಮೇಲೆ 18 ಪರ್ಸೆಂಟ್ ಜಿಎಸ್‌ಟಿ ಹಿಡಿದು, 1,300 ರೂಪಾಯಿ ಆಗುತ್ತದೆ. ಉಳಿಯುವುದು 400 ರೂಪಾಯಿ ಅಷ್ಟೇ. ಮನೆಯಲ್ಲಿ ಫುಲ್ ಮಾಡಿಕೊಂಡು ಹೊರಟವರಿಗೆ ಮಾತ್ರ ದೊಡ್ಡ ಲಾಭ.

60 ಕಿಲೋವ್ಯಾಟ್ ಎಂದು ಬೋರ್ಡ್ ಇರುವ ಎರಡು ಗನ್ನಿನ (ಕಾರಿಗೆ ಸಿಕ್ಕಿಸುವ ಕೇಬಲ್‌ನ ಹಿಡಿಕೆ) ಚಾರ್ಜರ್‌ಗಳಲ್ಲಿ ಪಕ್ಕಕ್ಕೆ ಇನ್ನೊಂದು ಕಾರು ಬಂತೆಂದರೆ ಹಲವು ಕಡೆ ನಿಮಗೆ ಸಿಗುವುದು 30. ಇಪ್ಪತ್ತು ನಿಮಿಷದ ಕೆಲಸ ನಲವತ್ತಾಗುತ್ತದೆ. ಘಾಟಿಯಲ್ಲಿ ನೆಟ್‌ವರ್ಕ್ ಕೈಕೊಡುತ್ತದೆ, ಒಟಿಪಿ ಬರುವುದಿಲ್ಲ. ಆ್ಯಪ್ ವಾಲೆಟ್‌ಗೆ ಹಾಸನದಲ್ಲೇ ದುಡ್ಡು ಹಾಕಿಕೊಳ್ಳಿ. ಮಂಗಳೂರಿನಲ್ಲಿ ರೂಮ್ ಬುಕ್ ಮಾಡುವ ಮೊದಲು ಪ್ಲಗ್‌ನ ಫೋಟೊ ತರಿಸಿಕೊಳ್ಳಿ. ‘ಇವಿ ಚಾರ್ಜಿಂಗ್ ಉಂಟು’ ಎಂದು ಹೆಚ್ಚು ಬಾಡಿಗೆ ಕೇಳಿ, 5 ಆಂಪ್ ಎಕ್ಸ್‌ಟೆನ್ಷನ್ ಬೋರ್ಡ್ ತೋರಿಸುವವರಿದ್ದಾರೆ. ಬೇಕಾದ್ದು ಅರ್ತಿಂಗ್ ಸರಿಯಿರುವ 15 ಆಂಪ್ ಸಾಕೆಟ್. ರಾತ್ರಿಯಿಡೀ ಹಾಕಿದರೆ 25–30 ಯೂನಿಟ್ ಏರುತ್ತದೆ.

ಊಟಕ್ಕೆ ಚಾರ್ಜರ್ ಪಕ್ಕದ ಎಸಿ ಹೋಟೆಲ್ ಬೇಡವೇ ಬೇಡ. ನೆಲ್ಯಾಡಿ, ಉಪ್ಪಿನಂಗಡಿಯ ಪೇಟೆಯೊಳಗಿನ ಸಣ್ಣ ಹೋಟೆಲುಗಳಿಗೆ ನಡೆದು ಹೋಗಿ. ಹಲಸಿನ ಎಲೆಯ ಕೊಟ್ಟೆಯಲ್ಲಿ ಬೆಂದ ಕಡುಬು, ಎಲೆ ಬಿಡಿಸಿದ ಕೂಡಲೇ ಬರುವ ಆ ಪರಿಮಳ, ಮೇಲೆ ತೆಂಗಿನೆಣ್ಣೆ ಒಗ್ಗರಣೆಯ ಚಟ್ನಿ. ತೆಳ್ಳಗಿನ ನೀರುದೋಸೆ ಜೊತೆ ಕಾಯಿ-ಬೆಲ್ಲ. ಸಂಜೆಯಾದರೆ ಬಾಣಲೆಯಿಂದ ಆಗಷ್ಟೇ ತೆಗೆದ ಗೋಳಿಬಜೆ. ಇಬ್ಬರು ಹೊಟ್ಟೆ ತುಂಬ ತಿಂದರೂ ಎಸಿ ಹೋಟೆಲಿನ ಒಬ್ಬರ ಬಿಲ್ ಆಗದು.

ಮಳೆಗಾಲದಲ್ಲಿ ಗುಡ್ಡ ಕುಸಿದು ಶಿರಾಡಿ ಮುಚ್ಚಿದರೆ ಚಾರ್ಮಾಡಿಗೆ ಸುತ್ತಬೇಕು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಘಾಟಿ ಹತ್ತುವ ಎಲೆಕ್ಟ್ರಿಕ್ ಕಾರಿನಲ್ಲಿ ಉಪ್ಪಿನಂಗಡಿ ಬಿಡುವಾಗ ಕನಿಷ್ಠ 60 ಪರ್ಸೆಂಟ್ ಇರಲಿ.