ಬೆರಳು ತಾಗಬಾರದ ಜಾಗ

ಶನಿವಾರ, 9 ಆಗಸ್ಟ್ 2025, ರಾತ್ರಿ

ಸಂಜೆ ಏಳರ ಹೊತ್ತಿಗೆ ಮೈಕು ಮೊದಲ ಸಲ ಚೊಕ್ಕವಾಗಿ ಮಾತಾಡಿತು. ಹೆಡ್‌ಫೋನ್ ಹಾಕಿಕೊಂಡು ಕೂತಿದ್ದೆ. ಮೊದಲು ನನ್ನದೇ ಉಸಿರು ಕೇಳಿಸಿತು, ಆಮೇಲೆ ಅಂಗಿಯ ತೋಳು ಮೇಜಿಗೆ ಉಜ್ಜಿದ ಸದ್ದು. ಮೂರು ವಾರ ಡಬ್ಬಿಯಲ್ಲಿ ಬಿಡಿಬಿಡಿಯಾಗಿ ಬಿದ್ದಿದ್ದ ಸಾಮಾನು ಇದೇನಾ ಅನ್ನಿಸಿ ಸುಮ್ಮನೆ ಕೂತುಬಿಟ್ಟೆ. ಇವತ್ತಿನ ದಿನ ಮನಸ್ಸಿನಲ್ಲಿ ಹಸಿಯಾಗಿರುವಾಗಲೇ ಬರೆದಿಡುತ್ತೇನೆ.

ಬಿಡಿಭಾಗ ಜೋಡಿಸಿ ಮೈಕ್ ಕಟ್ಟುವ ಈ ಕಿಟ್ಟು, ನ್ಯೂಮನ್ ಕಂಪನಿಯ ಯು47 ಎಂಬ ಸ್ಟುಡಿಯೊ ಮೈಕಿನ ಮಾದರಿಯದು. ಅಸಲಿ ಯು47 ಬಂದದ್ದು 1949ರಲ್ಲಿ. ಅದರೊಳಗೆ ಟೆಲಿಫುಂಕೆನ್ ತಯಾರಿಸಿದ ವಿಎಫ್14 ಎಂಬ ಉಕ್ಕಿನ ಕವಚದ ವಾಲ್ವ್, ಅಂದರೆ ಸಿಗ್ನಲನ್ನು ಬಲಪಡಿಸುವ ನಿರ್ವಾತ ಕೊಳವೆ, ಇರುತ್ತಿತ್ತು. ಅದನ್ನು ಒಳಗಿನಿಂದ ಕಾಯಿಸುವ 55 ವೋಲ್ಟಿನ ಹೀಟರನ್ನು 36ರ ಆಸುಪಾಸಿನಲ್ಲಿ, ಅರೆಬಿಸಿಯಲ್ಲೇ ಓಡಿಸುತ್ತಿದ್ದರು. ವಾಲ್ವಿನ ತಯಾರಿಕೆ ನಿಂತಿತು, ದಾಸ್ತಾನು ಕರಗಿತು, 1965ರ ಹೊತ್ತಿಗೆ ಮೈಕಿನದೂ ಮುಗಿಯಿತು. ಹಾಗಾಗಿ ನನ್ನ ಕಿಟ್ಟಿನಲ್ಲಿರುವುದು ಇಎಫ್86 ಎಂಬ ಬೇರೆ ವಾಲ್ವ್. ಇದಕ್ಕೂ ಒಳ್ಳೆಯ ಕುಲವೇ ಇದೆ: 1960ರ ನ್ಯೂಮನ್ ಯು67 ಮೈಕ್ ಇದೇ ವಾಲ್ವಿನ ಮೇಲೆ ನಿಂತದ್ದು.

ವಾಲ್ವ್ ಮೈಕ್ ಅಂದ ಕೂಡಲೇ ಎಲ್ಲರೂ ವಾಲ್ವಿನ ಬಗ್ಗೆಯೇ ಮಾತಾಡುತ್ತಾರೆ. ಯಾವ ಕಾರ್ಖಾನೆಯದು, ಯಾವ ಕಾಲದ್ದು ಅಂತ. ಕೈಯಾರೆ ಕಟ್ಟಿದ ಮೇಲೆ ನನಗನ್ನಿಸುವುದು, ಅದಕ್ಕೆ ಸಲ್ಲಬೇಕಾದ್ದಕ್ಕಿಂತ ಹೆಚ್ಚಿನ ಹೆಸರು ಸಂದಿದೆ. ಮೈಕಿನಲ್ಲಿ ಅದರ ಮುಖ್ಯ ಕೆಲಸ, ತೀರಾ ನಿತ್ರಾಣವಾದ ಸಿಗ್ನಲನ್ನು ಕೇಬಲ್ಲಿನಲ್ಲಿ ಸಾಗುವಷ್ಟು ಗಟ್ಟಿ ಮಾಡಿ ಟ್ರಾನ್ಸ್‌ಫಾರ್ಮರಿಗೆ ಒಪ್ಪಿಸುವುದು. ದನಿಯ ಬಣ್ಣ ಬಹುಪಾಲು ತೀರ್ಮಾನವಾಗುವುದು ದನಿಯನ್ನು ಮೊದಲು ಹಿಡಿಯುವ ಕ್ಯಾಪ್ಸೂಲಿನಲ್ಲಿ, ಅದರ ಸುತ್ತಲಿನ ಜಾಲರಿಯಲ್ಲಿ, ಟ್ರಾನ್ಸ್‌ಫಾರ್ಮರಿನಲ್ಲಿ.

ಕ್ಯಾಪ್ಸೂಲನ್ನು ಬಿಚ್ಚಿದಾಗ ಉಸಿರು ಬಿಗಿಹಿಡಿದಿದ್ದೆ. ಹಿತ್ತಾಳೆಯ ತಟ್ಟೆ, ಅದರ ತುಂಬ ಸಣ್ಣ ಸಣ್ಣ ತೂತು, ಎರಡೂ ಕಡೆ ಚಿನ್ನದ ಲೇಪದ ಪಾಲಿಯೆಸ್ಟರ್ ಪೊರೆ. ಪೊರೆಯ ದಪ್ಪ 6 ಮೈಕ್ರಾನ್, ತಲೆಗೂದಲಿನ ಹತ್ತನೇ ಒಂದು ಪಾಲು. ಹಳೆಯ ಯು47ಗಳಲ್ಲಿ ಇದು ಪಿವಿಸಿಯದಾಗಿತ್ತು. ವರ್ಷಗಳು ಕಳೆದಂತೆ ಅದು ಒಣಗಿ ಬಿರುಸಾಗುತ್ತದೆ. ಪೊರೆಗೂ ತಟ್ಟೆಗೂ ನಡುವೆ 60 ವೋಲ್ಟ್ ನಿಲ್ಲಿಸಿಡಬೇಕು. ದನಿಗೆ ಪೊರೆ ಅಲುಗಿದಾಗ ಕೆಪಾಸಿಟಿ, ಅಂದರೆ ಚಾರ್ಜು ಹಿಡಿದಿಡುವ ಶಕ್ತಿ, ಕೂದಲೆಳೆಯಷ್ಟು ಏರಿಳಿಯುತ್ತದೆ, ಆ ಏರಿಳಿತವೇ ಸಿಗ್ನಲ್.

ಈ ಕ್ಯಾಪ್ಸೂಲಿನ ಕೆಪಾಸಿಟಿ ಹೆಚ್ಚೆಂದರೆ 70 ಪಿಕೊಫ್ಯಾರಡ್. ಅದರಲ್ಲಿ ಕೂತ ಚಾರ್ಜು ಸೋರದಂತೆ ಕಾಯಲು 1 ಗಿಗಾ ಓಮ್, ಅಂದರೆ ನೂರು ಕೋಟಿ ಓಮ್‌ನ ರೆಸಿಸ್ಟರ್ ಹಾಕುತ್ತಾರೆ. ಆಗ ಮೈಕು ಕೆಳಕ್ಕೆ ಸುಮಾರು 2.3 ಹರ್ಟ್ಸ್‌ವರೆಗೂ ಕೇಳಿಸಿಕೊಳ್ಳಬಲ್ಲದು. ಅದೇ ಜಾಗದಲ್ಲಿ ಬೆರಳಿನ ಜಿಡ್ಡೋ ಬೆಸುಗೆಗೆ ಬಳಸಿದ ಫ್ಲಕ್ಸೋ ಉಳಿದು 10 ಮೆಗಾ ಓಮ್‌ನ ಕಳ್ಳದಾರಿ ಆಯಿತೆನ್ನಿ, 230 ಹರ್ಟ್ಸ್‌ನಿಂದ ಕೆಳಗಿನದು ಇಳಿಯತೊಡಗುತ್ತದೆ. ಗಂಡು ದನಿಯ ಬುಡವೇ ಹೋದ ಹಾಗೆ.

ಈ ಲೆಕ್ಕವನ್ನು ಕಾಗದದ ಮೇಲೆ ನಾನೇ ಹಾಕಿದ್ದೆ. ಆದರೂ ಬೆಳಿಗ್ಗೆ ಎಡವಿದೆ. ಪವರ್ ಸಪ್ಲೈಯನ್ನು ಹೋದ ವಾರವೇ ಮುಗಿಸಿ ಒಂಟಿಯಾಗಿ ಪರೀಕ್ಷೆ ಮಾಡಿದ್ದೆ, ಎಲ್ಲ ಸರಿಯಿತ್ತು. ಇವತ್ತು ಮೈಕಿಗೆ ಜೋಡಿಸಿ, ಒಂದು ಕೈಯನ್ನು ಜೇಬಿನಲ್ಲಿಟ್ಟುಕೊಂಡು, ಇನ್ನೊಂದು ಕೈಯಿಂದ ಕ್ಯಾಪ್ಸೂಲಿನ ಹತ್ತಿರ ವೋಲ್ಟೇಜ್ ನೋಡಿದೆ. 60 ಇರಬೇಕಾದಲ್ಲಿ 0.6. ಎದೆ ಧಸಕ್ಕೆಂದಿತು. ಆಫ್ ಮಾಡಿ, ಕೆಪಾಸಿಟರುಗಳು ಪೂರ್ತಿ ಇಳಿದದ್ದನ್ನು ಮೀಟರಿನಲ್ಲೇ ಖಾತ್ರಿ ಮಾಡಿಕೊಂಡು, ಒಂದೊಂದೇ ಬೆಸುಗೆಯನ್ನು ಭೂತಗನ್ನಡಿಯಲ್ಲಿ ನೋಡಿದೆ. ಎರಡು ಬೆಸುಗೆಗಳನ್ನು ವೃಥಾ ಬಿಚ್ಚಿ ಮತ್ತೆ ಹಾಕಿದೆ. ಏನೂ ಸಿಗಲಿಲ್ಲ. ಕೊನೆಗೆ ಗೆಳೆಯನಿಗೆ ಫೋನ್ ಮಾಡಿದೆ.

"ಯಾವ ತುದೀಲಿ ಅಳೀತಿದೀಯ?"

"ಕ್ಯಾಪ್ಸೂಲಿನ ತುದೀಲಿ."

"ನಿನ್ನ ಮೀಟರಿನ ಒಳಗೆ ಎಷ್ಟು ಓಮ್ ಇದೆ?"

"ಹತ್ತು ಮೆಗಾ..." ಅಂದವನು ಅಲ್ಲಿಗೇ ನಿಲ್ಲಿಸಿದೆ. ಮೇಲೆ ಗಿಗಾ ಓಮ್ ರೆಸಿಸ್ಟರಿನ ಸಾವಿರ ಮೆಗಾ, ಕೆಳಗೆ ಮೀಟರಿನ ಹತ್ತು; ವೋಲ್ಟೇಜ್ ಅದೇ ಪಾಲಿನಲ್ಲಿ ಹಂಚಿಹೋಗುತ್ತದೆ. 60 ವೋಲ್ಟಿನಲ್ಲಿ ನನಗೆ ಕಾಣಿಸಬೇಕಾದದ್ದೇ 0.6! ಸೋರುತ್ತಿದ್ದದ್ದು ಮೀಟರಿನ ಮೂಲಕ. ರೆಸಿಸ್ಟರಿನ ಆಚೆ ತುದಿಯಲ್ಲಿ ಅಳೆದೆ: 60.2.

ಮೈಕಿನ ಜೀವವಿರುವ ಆ ಒಂದು ಸಂದಿಯನ್ನು ಮುಟ್ಟಿ ನೋಡಲಾಗದು, ಸಾಮಾನ್ಯ ಮೀಟರಿನಿಂದ ಅಳೆಯಲೂ ಆಗದು. ಕಿವಿಗೊಟ್ಟು ಕೇಳಬಹುದು, ಅಷ್ಟೇ. ಕೇಳಿದರೆ ಮಧ್ಯಾಹ್ನ ಅದರಲ್ಲಿ ಚಟ್, ಚಟಚಟ ಅಂತ ಸದ್ದು. ದನಿ ಬರುತ್ತಿತ್ತು, ಹಿಂದೆ ಒಣ ಎಲೆ ತುಳಿದಂತೆ ಚಟಪಟ. ಕ್ಯಾಪ್ಸೂಲಿನ ತಂತಿಯೂ ಸಿಗ್ನಲ್ ವಾಲ್ವಿನೊಳಗೆ ಹೋಗುವ ಕಾಲಾದ ಗ್ರಿಡ್ಡೂ ಕೂಡುವುದು ಬೋರ್ಡಿನ ಮೇಲಲ್ಲ; ಬೋರ್ಡೂ ಒಂಚೂರು ಸೋರುತ್ತದೆಂದು ಅದನ್ನು ಟೆಫ್ಲಾನ್ ಗೂಟವೊಂದರ ಮೇಲೆ ಎತ್ತಿ ಬೆಸೆದಿರುತ್ತಾರೆ. ತಂತಿ ಪೋಣಿಸುವಾಗ ಆ ಗೂಟವನ್ನು ಬರಿಗೈಯಲ್ಲಿ ಹಿಡಿದಿದ್ದೆ, ಚೆನ್ನಾಗಿ ನೆನಪಿದೆ. ಮೇಲಾಗಿ ಹೊರಗೆ ಮಳೆ, ಗಾಳಿಯಲ್ಲಿ ಪಸೆ. ಕ್ಯಾಪ್ಸೂಲನ್ನು ತೆಗೆದು ಮುಚ್ಚಿಟ್ಟು, ಐಸೊಪ್ರೊಪೈಲ್ ಆಲ್ಕೊಹಾಲ್‌ನಲ್ಲಿ ಅದ್ದಿದ ಹೊಸ ಬ್ರಶ್‌ನಿಂದ ಗೂಟ, ವಾಲ್ವಿನ ಕಾಲುಗಳು, ಗಿಗಾ ಓಮ್ ರೆಸಿಸ್ಟರಿನ ಮೈ, ಎಲ್ಲವನ್ನೂ ಎರಡು ಸಲ ತೊಳೆದೆ. ಒಂದೂವರೆ ಗಂಟೆ ಒಣಗಲು ಬಿಟ್ಟು, ಕೈಗವಸು ಹಾಕಿಕೊಂಡು ಮತ್ತೆ ಜೋಡಿಸಿದೆ.

ಚಟಪಟ ಹೋಯಿತು. ಗುಂಯ್ ಅನ್ನುವುದು ಉಳಿಯಿತು. ಜಾಲರಿಗೆ ಕೈಯಿಟ್ಟರೆ ಅದು ಹೆಚ್ಚುತ್ತಿದ್ದುದರಿಂದ ಕಾರಣ ಬೇಗ ತಿಳಿಯಿತು. ಬಣ್ಣ ಅಡ್ಡ ಬಂದು ಜಾಲರಿಗೂ ಮೈಕಿನ ಹೊರಕೊಳವೆಗೂ ಲೋಹಕ್ಕೆ ಲೋಹ ತಾಗಿರಲಿಲ್ಲ. ಅಂಚಿನಲ್ಲಿ ಬಣ್ಣ ಕೆರೆದೆ. ಆಗ ಏಳು ಗಂಟೆ.

ಭಾನುವಾರ, 10 ಆಗಸ್ಟ್ 2025

ರಾತ್ರಿಯಿಡೀ ಆನ್ ಮಾಡಿಟ್ಟಿದ್ದೆ. ಹೊಸ ವಾಲ್ವು ಮೊದಲ ದಿನ ಚಡಪಡಿಸುತ್ತದೆ, ಆಮೇಲೆ ನೆಲೆಗೊಳ್ಳುತ್ತದೆ. ನಿನ್ನೆಗಿಂತ ಸುಸ್ಸೆನ್ನುವುದು ಖಂಡಿತ ಕಡಿಮೆ. ಬೆರಳಿನಿಂದ ಮೈಕಿನ ಮೈ ತಟ್ಟಿದರೆ ವಾಲ್ವು ಇನ್ನೂ ಸಣ್ಣಗೆ ಟಿಣ್ ಅನ್ನುತ್ತದೆ. ಅದರ ಬುಡಕ್ಕೆ ರಬ್ಬರಿನ ಉಂಗುರ ಹಾಕಿ ನೋಡಬೇಕು.

ಹೆಂಡತಿಯನ್ನು ಮೈಕಿನ ಮುಂದೆ ಕೂರಿಸಿದೆ. "ಏನು ಓದಲಿ?" ಅಂದಳು. "ಕಿಟ್ಟಿನ ಜೊತೆ ಬಂದ ಬಿಡಿಭಾಗಗಳ ಪಟ್ಟಿಯನ್ನೇ ಓದು" ಅಂದೆ. ಒಂದು ಗೇಣು ದೂರದಿಂದ ಓದಿದಳು, ನಾಲ್ಕು ಬೆರಳಿನಷ್ಟು ಹತ್ತಿರದಿಂದ ಓದಿದಳು. ಹತ್ತಿರ ಬಂದಂತೆ ದನಿ ತುಂಬಿಕೊಂಡಿತು, ಆದರೆ ಸಕಾರ ಎಲ್ಲೂ ಕಿವಿಗೆ ಚುಚ್ಚಲಿಲ್ಲ. ಆಮೇಲೆ ಮೈಕಿನ ಸುತ್ತ ನಡೆಯುತ್ತಾ ಓದು ಅಂದೆ. ಮುಂದಿನ ಪೊರೆಯೊಂದಕ್ಕೇ ವೋಲ್ಟೇಜ್ ಇದ್ದಾಗ ಅವಳು ಹಿಂದೆ ಹೋದೊಡನೆ ದನಿ ಕುಗ್ಗಿತು. ಹಿಂದಿನದಕ್ಕೂ ಕೊಟ್ಟಾಗ ಸುತ್ತಲೂ ಒಂದೇ ಸಮ ಕೇಳಿಸಿತು.

ರೆಕಾರ್ಡಿಂಗ್ ಹಾಕಿ ತೋರಿಸಿದೆ. ಕಣ್ಣು ಮುಚ್ಚಿ ಕೇಳಿದಳು. "ಕಾಗದ ಮಗುಚಿದ್ದೂ ಕೇಳ್ತಿದೆ, ನೋಡಿ" ಅಂದಳು. ಪಟ್ಟಿಯ ಮೂರನೇ ಹಾಳೆಯಿಂದ ನಾಲ್ಕನೆಯದಕ್ಕೆ ಬಂದ ಜಾಗ ಅದು. ಹಿಂದಕ್ಕೆ ಹೋಗಿ ಮತ್ತೆ ಹಾಕಿದೆ.